ತಪ್ಪು ಹಿಡಿದವರಿಗೆ ಬೋಂಡ

ಶಿವನಂಜಮ್ಮನ ಪುಟ್ಟ ಹೋಟೆಲು ಪ್ರೈಮರಿ ಸ್ಕೂಲಿನ ಎದುರಿಗೇ ಇತ್ತು. ಮಗಳು ಇಂಚರ ಅದೇ ಸ್ಕೂಲಿನಲ್ಲಿ ಮೂರನೇ ಕ್ಲಾಸು. ಒಂದು ದಿನ ಹೆಡ್‌ಮಾಸ್ಟರು ವರದರಾಜಯ್ಯನವರು ತಾಯಂದಿರನ್ನೆಲ್ಲ ಕರೆಸಿ ಗುಡುಗಿದರು.

"ಮಕ್ಕಳ ಕಾಗುಣಿತ ಕೆಡ್ತಿರೋದು ನಿಮ್ಮ ಮನೆಗಳಲ್ಲಿ! ತಪ್ಪಾದ ಒಂದೊಂದು ಪದಾನೂ ಮನೇಲಿ ಕೂರಿಸಿ ನೂರು ಸಲ ಬರೆಸಬೇಕು!"

ಇಂಚರ ಪೆನ್ಸಿಲ್ ಕಂಡರೇ ಅಳತೊಡಗಿದಳು. ಸ್ಕೂಲಿಗೇ ಹೋಗಲ್ಲ ಅಂದಳು. ಶಿವನಂಜಮ್ಮ ನೂರು ಸಲ ಬರೆಸುವುದನ್ನು ನಿಲ್ಲಿಸಿ, ಹೋಟೆಲಿನ ಕರಿಹಲಗೆಯನ್ನು ಒರೆಸಿ, ಸೀಮೆಸುಣ್ಣ ಹಿಡಿದಳು.

ವಾರದ ಮೇಲೆ ಆ ಹಲಗೆ ವರದರಾಜಯ್ಯನವರ ಕಣ್ಣಿಗೆ ಬಿತ್ತು. "ಬಿಸಿ ಆಲು, ಕಾಪಿ, ಇಡ್ಡಿ, ಉಪಿಟ್ಟು" ಎಂದಿತ್ತು. ಕೆಂಡವಾಗಿ ಒಳಗೆ ನುಗ್ಗಿದರು.

"ಏನಮ್ಮಾ ಇದು? ಇದನ್ನ ನೋಡಿದ್ರೆ ಮಕ್ಕಳ ಕನ್ನಡ ಉದ್ಧಾರ ಆಗುತ್ತಾ?"

"ಆಯ್ತಾ ಐತೆ ಸಾರ್. ದಿನಾ ಬೇಕಂತಲೇ ತಪ್ಪು ಬರೀತೀನಿ. ಮೊದಲು ಹಿಡಿದು, ಸರಿಯಾಗಿ ಬರೆದು ತೋರಿಸಿದೋರಿಗೆ ಒಂದು ಬೋಂಡ."

ಅಷ್ಟರಲ್ಲಿ ಸ್ಕೂಲು ಬಿಟ್ಟಿತು. ಮಕ್ಕಳು ಓಡಿಬಂದು ಹಲಗೆಗೆ ಮುತ್ತಿಕೊಂಡರು. ಇಂಚರ ಎಲ್ಲರಿಗಿಂತ ಮುಂದಿದ್ದಳು.

"ಆಲು ಅಲ್ಲ, ಹಾಲು!"

"ಕಾಫಿ! ಇಡ್ಲಿ!"

ಈ ವಾರ ಉಕ್ತಲೇಖನದಲ್ಲಿ ತಪ್ಪು ಕಡಿಮೆಯಾದದ್ದು ತಮ್ಮ ಗುಡುಗಿನಿಂದ ಎಂದೇ ವರದರಾಜಯ್ಯನವರು ನಂಬಿದ್ದರು. ಈಗ ಬಾಯಿ ತೆರೆದು ನೋಡುತ್ತ ನಿಂತರು. ಕೊನೆಯ ತಪ್ಪು ಮಾತ್ರ ಯಾರಿಗೂ ಕಾಣಲಿಲ್ಲ. ಹೆಡ್‌ಮಾಸ್ಟರಿಗೆ ತಡೆಯಲಾಗಲಿಲ್ಲ.

"ಉಪ್ಪಿಟ್ಟು! ಪಕಾರಕ್ಕೆ ಒತ್ತಿಲ್ಲ!" ಎಂದು ಕೂಗಿ, ತಾವೇ ಸೀಮೆಸುಣ್ಣ ಕಿತ್ತುಕೊಂಡು ತಿದ್ದಿದರು.

ಮಕ್ಕಳು ಚಪ್ಪಾಳೆ ತಟ್ಟಿದರು. ಶಿವನಂಜಮ್ಮ ಬಿಸಿ ಬೋಂಡದ ತಟ್ಟೆ ನೀಡಿದಳು. ಹೆಡ್‌ಮಾಸ್ಟರು ಅತ್ತಿತ್ತ ನೋಡಿ, ಕಚ್ಚಿದರು.

"ಆ ನೂರು ಸಲದ್ದು ಇನ್ನು ಬೇಡ," ಎಂದರು. "ನಾಳೆ ಸ್ವಲ್ಪ ಕಷ್ಟದ ತಪ್ಪು ಮಾಡಮ್ಮ. ಚಟ್ನೀನೂ ಇರಲಿ."