ಮದರಂಗಿಯ ಕೆಂಪು ತಡವಾಗಿ ಬರುವುದೇಕೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿತ್ತು. ಹಕ್ಕಿಗಳಿಗೆಲ್ಲ ಹೆಸರಿಟ್ಟು ಮುಗಿದಿರಲಿಲ್ಲ. ಆ ಕಾಲದಲ್ಲಿ ಯಾವುದೂ ತಡವಾಗುತ್ತಿರಲಿಲ್ಲ.

ಬೀಜ ಹಾಕಿದ ಕೈ ಮೇಲೆತ್ತುವುದರೊಳಗೆ ಮೊಳಕೆ ಬರುತ್ತಿತ್ತು. ಹೆಪ್ಪಿನ ಹನಿ ಬಿದ್ದ ಕೂಡಲೇ ಹಾಲು ಮೊಸರಾಗುತ್ತಿತ್ತು. ಬೆಟ್ಟದ ಮುಂದೆ ನಿಂತು "ಓ" ಅಂದರೆ, ಕೂಗಿದವನು ಬಾಯಿ ಮುಚ್ಚುವ ಮೊದಲೇ ಬೆಟ್ಟವೂ "ಓ" ಅನ್ನುತ್ತಿತ್ತು.

ಕೇಳಲು ಚೆಂದ. ಆದರೆ ಬೆಳಗ್ಗೆ ಮೊಳೆತ ಪೈರು ಮಧ್ಯಾಹ್ನಕ್ಕೆ ಒಣಗುತ್ತಿತ್ತು. ಮೊಸರನ್ನು ಎಲೆಗೆ ಬಡಿಸುವಷ್ಟರಲ್ಲಿ ಬಾಯಿಗಿಡಲಾರದಷ್ಟು ಹುಳಿಯಾಗುತ್ತಿತ್ತು. ಇದು ನಷ್ಟದ ವ್ಯವಹಾರ ಎಂದು ಯಾರಿಗೂ ಅನಿಸಿರಲಿಲ್ಲ. ಬೇರೆ ತರಹ ಇರಬಹುದು ಎಂದು ಕಂಡವರೇ ಇರಲಿಲ್ಲವಲ್ಲ.

ಆಗ ಹೊಳೆಯ ಈಚೆ ದಡದಲ್ಲಿ ಓಬಳಶೆಟ್ಟಿ ಎಂಬ ವ್ಯಾಪಾರಿ ಇದ್ದ. ಉಪ್ಪು, ಅರಿಶಿನ, ಜೇನು, ಮಣಿ, ಏನು ಕೇಳಿದರೂ ಅವನ ಹತ್ತಿರ ಸಿಗುತ್ತಿತ್ತು. ಮನುಷ್ಯರ ಜೊತೆಗೆ ಮಾತ್ರವಲ್ಲ, ಮರ, ಹಕ್ಕಿ, ಇರುವೆಗಳ ಜೊತೆಗೂ ಅವನ ವ್ಯಾಪಾರ ನಡೆಯುತ್ತಿತ್ತು.

ಬೆಲೆ ಮಾತಾಡುವ ಅವನ ಪದ್ಧತಿ ಒಂದೇ. ಹೆಗಲ ಮೇಲಿನ ವಲ್ಲಿಯನ್ನು ಹರಡಿ, ಅದರ ಕೆಳಗೆ ಕೈ ಇಡುವುದು. ಎದುರಿನವರೂ ಕೈ ಇಡಬೇಕು. ಬೇಕಾದ ಸರಕನ್ನು ಬಾಯಲ್ಲಿ ಹೇಳಿದರೂ ಬೆಲೆ ಕುದುರುವುದು ಬೆರಳು ಒತ್ತಿಯೇ. ಏಕೆಂದರೆ ಗಾಳಿ ಬಾಯಿಬಡುಕ. ಇಲ್ಲಿ ಆಡಿದ ಬೆಲೆಯನ್ನು ಹೋಗಿ ಹೊಳೆಯಾಚೆ ಹೇಳುವವನು. ಹತ್ತು ಎಣಿಸುವುದರೊಳಗೆ ಬೆರಳು ಒತ್ತದಿದ್ದರೆ ವ್ಯಾಪಾರ ಬೇಡ ಎಂದು ಅರ್ಥ. ಶೆಟ್ಟಿ ವಲ್ಲಿ ಕೊಡವಿಕೊಂಡು ಎದ್ದುಬಿಡುತ್ತಿದ್ದ.

ಓಬಳಶೆಟ್ಟಿಗೆ ಹೊನ್ನಾಜಿ ಎಂಬ ಒಬ್ಬಳೇ ಮಗಳು. ಅವಳ ಮದುವೆ ಹೊಳೆಯಾಚೆಯ ದೋಣಿಯವರ ಮನೆಗೆ ನಿಶ್ಚಯವಾಯಿತು.

"ಅಪ್ಪಯ್ಯ, ಮದುವೇಲಿ ನನ್ನ ಕೈ ಕೆಂಪಗಿರಬೇಕು" ಎಂದಳು ಹೊನ್ನಾಜಿ.

"ಇರುತ್ತೆ ಬಿಡವ್ವ. ದಾಸವಾಳ ಏನು ಬರವೇ?"

"ಆ ಕೆಂಪು ಬೇಡ. ಚಿಕ್ಕಪ್ಪನ ಮಗಳ ಮದುವೇಲಿ ನೋಡಲಿಲ್ವಾ? ಧಾರೆ ನೀರು ಬಿದ್ದಿದ್ದೇ ತಡ, ಬಣ್ಣ ಎಲ್ಲ ಮೊಳಕೈವರೆಗೂ ಹರೀತು. ಸೀರೆ ತುಂಬ ಕಲೆ. ಬೀಗರ ಕಡೆಯವರು ಊಟ ಮುಗಿಯೋವರೆಗೂ ನಕ್ಕರು. ನನಗೆ ಧಾರೆ ನೀರಿಗೆ ನಿಲ್ಲೋ ಕೆಂಪು ಬೇಕು."

ಅದೇ ಹೊತ್ತಿಗೆ ಲಗ್ನ ಕಟ್ಟಿಸಲು ವರನ ಸೋದರತ್ತೆ ಚೌಡಾಜಮ್ಮ ಬಂದು ಜಗಲಿಯಲ್ಲಿ ಕೂತಿದ್ದಳು. ದೋಣಿ ನಡೆಸುವ ಹೆಂಗಸು, ಮಾತೂ ಹುಟ್ಟಿನ ಹಾಗೆ ಗಟ್ಟಿ.

"ಅಂಥ ಕೆಂಪು ಪ್ರಪಂಚದಲ್ಲೇ ಇಲ್ಲ ಬಿಡು ಕೂಸೇ" ಎಂದಳು. "ನಿಮ್ಮಪ್ಪ ಎಲ್ಲಿಂದ ತಂದಾನು?"

ಓಬಳಶೆಟ್ಟಿಗೆ ಅದು ತಾಗಿತು. ತನ್ನ ಅಂಗಡಿಯಲ್ಲಿ ಇಲ್ಲ ಎಂಬ ಮಾತನ್ನು ಅವನು ಯಾರ ಬಾಯಲ್ಲೂ ಕೇಳಿದವನಲ್ಲ.

"ತರ್ತೀನಿ ಬೀಗತಿ. ತರದೇ ಹೋದರೆ ಈ ತಕ್ಕಡೀನ ನಿಮ್ಮೆದುರೇ ಹೊಳೆಗೆ ಎಸೀತೀನಿ. ಮತ್ತೆ ಜನ್ಮದಲ್ಲಿ ವ್ಯಾಪಾರ ಅನ್ನೋಲ್ಲ."

"ಹೇಳಿದ್ದೀರಿ ಮತ್ತೆ" ಎಂದಳು ಚೌಡಾಜಮ್ಮ, ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ.

"ಹೇಳಿದ್ದೀನಿ."

ಮದುವೆಯ ಹಿಂದಿನ ದಿನ ಬೆಳಗ್ಗೆ ಶೆಟ್ಟಿ ವಲ್ಲಿ ಹೊದ್ದು, ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಹೊರಟ.

ಮೊದಲು ದಾಸವಾಳ ಸಿಕ್ಕಿತು. ವಲ್ಲಿಯ ಕೆಳಗೆ ಕೈ ಇಟ್ಟು ಶೆಟ್ಟಿ, "ನಿನ್ನ ಕೆಂಪು..." ಅನ್ನುವುದರೊಳಗೆ ದಾಸವಾಳ ಬೆರಳು ಒತ್ತಿ, "ತಗೊಳ್ಳಿ, ತಗೊಳ್ಳಿ" ಎಂದಿತು. ಶೆಟ್ಟಿ ಅಂಗೈಗೆ ಉಜ್ಜಿಕೊಂಡ, ನೀರು ಹೊಯ್ದ. ಕೆಂಪು ಹರಿದುಹೋಯಿತು.

ಆಮೇಲೆ ಮುತ್ತುಗದ ಮರ. "ನಿನ್ನ..." ಅಂದದ್ದಷ್ಟೇ. "ಆಯ್ತು ಶೆಟ್ರೇ!" ಉಜ್ಜಿಕೊಂಡ, ನೀರು ಹೊಯ್ದ. ಅದೂ ಹರಿದುಹೋಯಿತು.

ಗುಲಗಂಜಿಯಂತೂ ಅವನು ವಲ್ಲಿ ಬಿಚ್ಚುವ ಮೊದಲೇ ಒಪ್ಪಿಕೊಂಡಿತು. ಎಷ್ಟು ಉಜ್ಜಿದರೂ ಅದರ ಕೆಂಪು ಅದರ ಮೈಮೇಲೇ ಉಳಿಯಿತು, ಇವನ ಕೈಗೆ ಹತ್ತಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಸೋರೆಬುರುಡೆ ಖಾಲಿಯಾಗಿತ್ತು. ನೀರು ತುಂಬಿಕೊಳ್ಳಲು ಶೆಟ್ಟಿ ಹೊಳೆಗೆ ಇಳಿದ. ಅಲ್ಲೊಂದು ಬಿಳಿ ಮೇಕೆ ನೀರಿನಲ್ಲಿ ಮೂತಿ ಅದ್ದಿ ಅದ್ದಿ ತೆಗೆಯುತ್ತಿತ್ತು. ಅದರ ತುಟಿ ಕೆಂಪು, ಗಡ್ಡವೂ ಕೆಂಪು.

ಶೆಟ್ಟಿ ಕುಕ್ಕರುಗಾಲಲ್ಲಿ ಕೂತು ನೋಡಿದ. ಮೇಕೆ ಹತ್ತು ಸಲ ಅದ್ದಿತು. ಕೆಂಪು ಹೋಗಲಿಲ್ಲ.

"ಏನು ತಿಂದೆಯೇ?" ಎಂದ.

"ಗರಿಕೆ ತಿಂದೆ ಶೆಟ್ರೇ. ಬರೀ ಗರಿಕೆ. ಹಿಂಗಾಗೈತೆ ನೋಡಿ. ಮಂದೆಯವರೆಲ್ಲ ಗಡ್ಡಕ್ಕೆ ಬೆಂಕಿ ಬಿತ್ತಾ ಅಂತ ಆಡಿಕೊಳ್ತಾರೆ."

ಗರಿಕೆಗೆ ಕೆಂಪು ಎಲ್ಲಿಂದ ಬರಬೇಕು? ಶೆಟ್ಟಿ ಮೇಕೆಯ ಗಡ್ಡ ಹಿಡಿದು ತಿರುಗಿಸಿ ನೋಡಿದ. ಆಮೇಲೆ, ಆ ಪ್ರಪಂಚದಲ್ಲಿ ಅದುವರೆಗೆ ಯಾರೂ ಕೇಳಿರದ ಪ್ರಶ್ನೆಯೊಂದನ್ನು ಕೇಳಿದ.

"ನಿನ್ನೆ ಏನು ತಿಂದೆ?"

ಮೇಕೆ ಕಣ್ಣು ಪಿಳುಕಿಸಿತು. "ನಿನ್ನೆದಕ್ಕೂ ಇವತ್ತಿಗೂ ಏನು ಸಂಬಂಧ?"

"ಇರಲಿ, ಹೇಳು."

"ದಿಬ್ಬದ ಮೇಲೆ ಮದರಂಗಿ ಗಿಡ ಐತಲ್ಲ, ಅದರ ನಾಲ್ಕು ಎಲೆ ಅಗಿದೆ. ಕಹಿ. ಉಗಿದುಬಿಟ್ಟೆ."

ಶೆಟ್ಟಿ ಎದ್ದವನೇ ದಿಬ್ಬ ಹತ್ತಿದ.

ಮದರಂಗಿ ಆಳೆತ್ತರದ ಸಾಮಾನ್ಯ ಗಿಡ. ಹಸಿರೆಲೆ, ಸಣ್ಣ ಹೂವು. ಕೆಂಪು ಎಂಬುದು ಹುಡುಕಿದರೂ ಕಾಣದು. ಅದರ ಕೊಂಬೆಯ ಮೇಲೆ ಕೂತಿದ್ದ ಗೊರವಂಕ ಶೆಟ್ಟಿಯನ್ನು ಕಂಡು ಕಿಸಕ್ಕನೆ ನಕ್ಕಿತು.

"ಇವಳ ಹತ್ತಿರ ವ್ಯಾಪಾರವಾ ಶೆಟ್ರೇ? ಹೋದ ವಾರ ಚೆನ್ನಾಗಿದ್ದೀಯಾ ಅಂತ ಕೇಳಿದ್ದೆ. ಇನ್ನೂ ಹೇಳಿಲ್ಲ."

ಶೆಟ್ಟಿ ಅದಕ್ಕೆ ಕಿವಿಗೊಡದೆ ವಲ್ಲಿ ಹರಡಿದ. ಮದರಂಗಿ ಒಂದು ರೆಂಬೆಯನ್ನು ಮೆಲ್ಲಗೆ ಅದರ ಕೆಳಗೆ ಇಟ್ಟಿತು.

"ತಾಯಿ, ನಾಳೆ ನನ್ನ ಮಗಳ ಮದುವೆ. ನಿನ್ನ ಒಳಗೆ ಕೆಂಪಿದೆ, ನನಗೆ ಗೊತ್ತು. ಅದು ಬೇಕು. ಮುಚ್ಚಿಡೋದಿಲ್ಲ, ನಿನ್ನ ಎಲೆ ಕಿತ್ತು ಕಲ್ಲಿನ ಮೇಲೆ ನುಣ್ಣಗೆ ಅರೀಬೇಕಾಗುತ್ತೆ. ಅದಕ್ಕೆ ಏನು ಕೊಡಲಿ ಹೇಳು."

ಗಾಳಿ ಬಂದು ವಲ್ಲಿಯ ಅಂಚು ಎತ್ತಿ ಇಣುಕಿದ. ಶೆಟ್ಟಿ ಮೊಣಕಾಲಿನಿಂದ ಅದನ್ನು ಒತ್ತಿ ಹಿಡಿದು ಎಣಿಸಿದ. ಒಂದು, ಎರಡು, ಮೂರು. ಏಳು. ಹತ್ತು.

ರೆಂಬೆ ಅಲುಗಲಿಲ್ಲ.

"ನಾನು ಹೇಳಲಿಲ್ವಾ?" ಎಂದಿತು ಗೊರವಂಕ.

ಪದ್ಧತಿ ಅಂದರೆ ಪದ್ಧತಿ. ಶೆಟ್ಟಿ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ದಿಬ್ಬ ಇಳಿಯತೊಡಗಿದ. ಮನೆಗೆ ಹೋಗಿ ಮಗಳಿಗೆ ಏನು ಹೇಳುವುದು? ನಾಳೆ ತಕ್ಕಡಿಯನ್ನು ಎಸೆದ ಮೇಲೆ ನಾಡಿದ್ದು ಏನು ಮಾಡುವುದು? ಹತ್ತು ಹೆಜ್ಜೆ ಹೋದವನು ಹಾಗೇ ನಿಂತ.

ಬೆಳಗಿನಿಂದ "ಆಯ್ತು" ಎಂದವರೆಲ್ಲ ಪ್ರಶ್ನೆಯನ್ನು ಪೂರ್ತಿ ಕೇಳಿಯೇ ಇರಲಿಲ್ಲ. ಅವರ ಸರಕು ಎಂಥದೆಂದು ಅವನ ಕೈಯೇ ಕಂಡಿತ್ತು. ಇವಳೊಬ್ಬಳು ಪೂರ್ತಿ ಕೇಳಿಸಿಕೊಂಡಳು. ಕಲ್ಲಿನ ಮೇಲೆ ಅರೆಯುತ್ತೇನೆ ಎಂದರೆ ಹತ್ತು ಎಣಿಸುವುದರೊಳಗೆ ಯಾರು ತಾನೇ ಉತ್ತರ ಕೊಟ್ಟಾರು? ಬೇಡ ಎಂದೂ ಅವಳು ಹೇಳಿಲ್ಲ. ಎದ್ದು ಬಂದವನು ತಾನು.

ಶೆಟ್ಟಿ ಹಿಂದಕ್ಕೆ ಹೋದ. ರೆಂಬೆ ಮೊದಲಿದ್ದ ಕಡೆಯೇ ಇತ್ತು. ಅದರ ಮೇಲೆ ವಲ್ಲಿ ಹೊದಿಸಿ, ಕೈ ಇಟ್ಟು, ಈ ಸಲ ಎಣಿಸದೆ ಕೂತ.

ನೆರಳು ಉದ್ದವಾಯಿತು. ಗೊರವಂಕ ನಕ್ಕು ನಕ್ಕು ಬೇಸತ್ತು ಹಾರಿಹೋಯಿತು. ಗಾಳಿಯೂ ಸಾಕಾಗಿ ಹೊರಟುಹೋದ.

ಬಿಸಿಲು ಇಳಿಮುಖವಾದಾಗ ರೆಂಬೆ ಅವನ ಬೆರಳನ್ನು ಗಟ್ಟಿಯಾಗಿ ಒತ್ತಿತು.

"ಕೊಡ್ತೀನಿ" ಎಂದಿತು ಮದರಂಗಿ. "ನೀವು ಕೇಳಿದ್ದು ಎಲೆಯನ್ನ. ಎಲೆ ಹೋಗಿ ಬೇರನ್ನ ಕೇಳಬೇಕು. ಬೇರು ಮಣ್ಣನ್ನ ಕೇಳಬೇಕು. ಅಲ್ಲಿಂದ ಮಾತು ಹತ್ತಿ ಬರೋದಕ್ಕೆ ಹೊತ್ತು ಹಿಡೀತು. ನನಗೆ ಎರಡು ಮಾತು ನಡೆಸಿಕೊಡಿ."

"ಹೇಳು ತಾಯಿ."

"ಎಲೆ ಎಷ್ಟಾದರೂ ಕೊಯ್ದುಕೊಳ್ಳಿ, ಬೇರು ಕೀಳಬೇಡಿ. ನಿಮ್ಮ ಹಿತ್ತಿಲ ಬೇಲೀಲಿ ನನ್ನ ರೆಂಬೆಯೊಂದಕ್ಕೆ ಜಾಗ ಕೊಡಿ."

"ಕೊಟ್ಟೆ. ಇನ್ನೊಂದು?"

"ನನ್ನನ್ನ ಅವಸರ ಮಾಡಬಾರದು. ಕೈಗೆ ಹಚ್ಚಿದ ಮೇಲೆ ಕೈ ಸುಮ್ಮನಿರಬೇಕು. ತೆಗೆದ ಮೇಲೂ ನಾನು ತಕ್ಷಣ ಕಾಣಿಸೋಲ್ಲ. ನಿಮ್ಮ ಮಗಳ ಕೈಯನ್ನೂ ಕೇಳಬೇಕಲ್ಲ ನಾನು, ಇರಲಾ ಅಂತ."

ಶೆಟ್ಟಿ ರೆಂಬೆಯನ್ನು ಒತ್ತಿದ. ವ್ಯಾಪಾರ ಕುದುರಿತು.

ಸಂಜೆ ಎಲೆ ಅರೆದು ಹೊನ್ನಾಜಿಯ ಎರಡೂ ಅಂಗೈಗೆ ದಪ್ಪಗೆ ಹಚ್ಚಿದರು. ಅವಳ ತಾಯಿಯೇ ತುತ್ತು ಮಾಡಿ ತಿನ್ನಿಸಿದಳು. ಮೂಗು ತುರಿಸಿದರೂ ಅವ್ವನನ್ನೇ ಕರೆಯಬೇಕು. "ಮದುವೆ ಹೆಣ್ಣಾ, ಮೊಲೆ ಕೂಸಾ?" ಎಂದು ನೆಂಟರ ಹೆಂಗಸರು ನಕ್ಕರು. ಹೊನ್ನಾಜಿ ಕೈ ಕದಲಿಸಲಿಲ್ಲ.

ಬೆಳಗ್ಗೆ ಒಣಗಿದ್ದನ್ನು ಉದುರಿಸಿ ನೋಡಿದರೆ, ಕೆಂಪಿಲ್ಲ. ತೆಳ್ಳನೆಯ ಕಿತ್ತಳೆ ಬಣ್ಣ.

ಶೆಟ್ಟಿ ಆ ಕೈಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದ. ಆದರೆ ಮಾತು ಕೊಟ್ಟಾಗಿತ್ತು, ಮಾತು ಪಡೆದೂ ಆಗಿತ್ತು. "ನಡಿಯವ್ವ, ಮಂಟಪಕ್ಕೆ" ಎಂದ.

ಧಾರೆ ಎರೆದರು. ನೀರು ಅಂಗೈ ಮೇಲೆ ಬಿದ್ದು ಬೆರಳ ಸಂದಿಯಿಂದ ಇಳಿಯಿತು. ಎಲ್ಲರೂ ಬಗ್ಗಿ ನೋಡಿದರು. ಇಳಿದ ನೀರು ತಿಳಿಯಾಗಿತ್ತು.

"ಕರಗಲಿಲ್ಲ, ಒಪ್ಪಿದೆ" ಎಂದಳು ಚೌಡಾಜಮ್ಮ. "ಆದರೆ ಇದು ಕೆಂಪಾ ಶೆಟ್ರೇ? ಕುಂಬಳಕಾಯಿ ಹೆಚ್ಚಿ ಬಂದವಳ ಕೈ ಇದ್ದಂಗಿದೆ."

ಬೀಗರ ಕಡೆ ನಗು ಎದ್ದಿತು.

"ಬರ್ತಾ ಇದೆ ಬೀಗತಿ."

"ಬರ್ತಾ ಇದೆ ಅಂದರೆ? ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬರ್ತಾ ಇರೋದು ಅನ್ನೋದೂ ಒಂದಿದೆಯಾ?"

"ಇದೆ. ನಾನೂ ನಿನ್ನೆ ತಾನೇ ಕಲಿತೆ. ದೋಣಿ ಬಿಡೋವರೆಗೆ ತಡೀರಿ."

"ದೋಣಿ ಬಿಡೋವರೆಗೆ. ಆಮೇಲೆ ಒಂದು ಗಳಿಗೆಯೂ ಇಲ್ಲ."

ಊಟವಾಯಿತು, ಉಡಿ ತುಂಬಿದರು. ಹೊನ್ನಾಜಿ ಮುಷ್ಟಿ ಮುಚ್ಚಿಕೊಂಡೇ ಇದ್ದಳು. ಗಳಿಗೆಗೊಮ್ಮೆ ತೆರೆದು ನೋಡುವ ಆಸೆಯನ್ನು ಹೇಗೋ ಹಿಡಿದಿಟ್ಟುಕೊಂಡಿದ್ದಳು. ಹೊತ್ತು ಇಳಿಯುವಾಗ ದಿಬ್ಬಣ ಹೊಳೆಗೆ ಬಂತು. ಚೌಡಾಜಮ್ಮ ದೋಣಿಯಲ್ಲಿ ನಿಂತು ಹುಟ್ಟು ಕೈಗೆ ತೆಗೆದುಕೊಂಡಳು.

"ಶೆಟ್ರೇ, ತಕ್ಕಡಿ ತಂದಿದ್ದೀರಾ?"

"ತಂದಿದ್ದೀನಿ."

"ಕೈ ತೋರಿಸು ಕೂಸೇ."

ಹೊನ್ನಾಜಿ ಮುಷ್ಟಿ ಬಿಚ್ಚಿದಳು.

ಚೌಡಾಜಮ್ಮ ನೋಡಿದಳು. ನಂಬದೆ ಆ ಕೈಯನ್ನು ಹೊಳೆಯಲ್ಲಿ ಅದ್ದಿದಳು. ಮರಳು ಹಾಕಿ ತಿಕ್ಕಿದಳು. ಎತ್ತಿ ಮತ್ತೆ ನೋಡಿದಳು. ಅಂಗೈ ಕೆಂಪಗೆ, ಮಾಗಿದ ಕೆಂಪಿನಲ್ಲಿ ಹೊಳೆಯುತ್ತಿತ್ತು.

"ತಕ್ಕಡಿ ಒಳಗಿಡಿ" ಎಂದಳು ಆಕೆ ಕೊನೆಗೆ. ಆಮೇಲೆ ದನಿ ತಗ್ಗಿಸಿ, "ಮುಂದಿನ ತಿಂಗಳು ನನ್ನ ಮಗಳ ಮದುವೆ ಇದೆ. ಈ ಕೆಂಪು ಎಲ್ಲಿ ಸಿಗುತ್ತೆ?"

ಓಬಳಶೆಟ್ಟಿ ಹೆಗಲಿನಿಂದ ವಲ್ಲಿ ತೆಗೆದು ದೋಣಿಯ ಅಂಚಿನ ಮೇಲೆ ಹರಡಿದ. "ಕೈ ಇಡಿ ಬೀಗತಿ, ಮಾತಾಡೋಣ. ಅವಸರವೇನಿಲ್ಲ."

ಸುದ್ದಿಯನ್ನು ಗಾಳಿ ಊರೂರಿಗೆ ಒಯ್ದ. ಬೀಜ ಕೇಳಿಸಿಕೊಂಡು ಮಣ್ಣೊಳಗೆ ನಾಲ್ಕು ದಿನ ಇದ್ದು ನೋಡಿತು, ಪೈರು ಗಟ್ಟಿಯಾಯಿತು. ಹಾಲೂ ಅವಸರ ಬಿಟ್ಟಿತು. ಶೆಟ್ಟಿಯ ಬೇಲಿಯ ಮದರಂಗಿಯನ್ನು ಎಷ್ಟು ಸಲ ಕೊಯ್ದರೂ ಅದು ಚಿಗುರುತ್ತಲೇ ಇತ್ತು.

ಅದಕ್ಕೇ ಮಗೂ, ನಿನ್ನ ಅಂಗೈಯ ಮದರಂಗಿಯನ್ನು ಉದುರಿಸಿದ ಬೆಳಗ್ಗೆ ಬರೀ ಕಿತ್ತಳೆ ಬಣ್ಣ ಕಾಣುತ್ತದೆ. ನೀನು ಅದನ್ನು ಮರೆತು ಆಟಕ್ಕೆ ಓಡಿದ ಮೇಲೆ, ಹೊತ್ತು ಇಳಿಯುವಷ್ಟರಲ್ಲಿ, ಕೆಂಪು ತಾನಾಗಿ ಬಂದು ನಿಂತಿರುತ್ತದೆ.