ಹೂಂ ಎಂದ ಪವರ್ ಸಪ್ಲೈ

ತಬಸ್ಸುಮ್ ತನ್ನ ಮೊದಲ ಕಂಪ್ಯೂಟರನ್ನು ತಾನೇ ಜೋಡಿಸಲು ಬಿಡಿಭಾಗಗಳನ್ನು ಮೇಜಿನ ಮೇಲೆ ಹರಡಿದ್ದಳು. ಉಳಿದವನ್ನೆಲ್ಲ ಅಳೆದು ತೂಗಿ ಆರಿಸಿದವಳು, ಎಲ್ಲಕ್ಕೂ ಕರೆಂಟು ಹಂಚುವ ಪವರ್ ಸಪ್ಲೈಯನ್ನು ಮಾತ್ರ ಯಾವುದೋ ಒಂದಿರಲಿ ಎಂದು ತಂದಿದ್ದಳು.

ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಪವರ್ ಸಪ್ಲೈಯನ್ನು ಗತ್ತಿನಿಂದ ಕೇಳಿತು: “ಅಯ್ಯಾ, ಇವಳು ಆಟ ಶುರುಮಾಡಿದರೆ ನನ್ನೊಬ್ಬನಿಗೇ ಮುನ್ನೂರು ವ್ಯಾಟ್ ಬೇಕು. ಕೊಡಬಲ್ಲೆಯಾ?”

“ಆಗದಿದ್ದರೆ ಈಗಲೇ ಹೇಳು,” ಎಂದಿತು ಪ್ರೊಸೆಸರ್. “ಅಂಗಡಿಯವರು ನಾಳೆಯವರೆಗೆ ಬದಲಿಸಿಕೊಡುತ್ತಾರೆ.”

ತನ್ನ ಒಟ್ಟು ಶಕ್ತಿಯೇ ಮುನ್ನೂರೆಂದು ಪವರ್ ಸಪ್ಲೈಗೆ ಗೊತ್ತು. ಆದರೆ ಇಷ್ಟು ಜನರೆದುರು ಇಲ್ಲವೆನ್ನುವುದು ಹೇಗೆ?

“ಹೂಂ, ನಿಭಾಯಿಸೋಣ,” ಎಂದಿತು.

ತಬಸ್ಸುಮ್ ಸ್ಕ್ರೂ ಬಿಗಿದು ಗುಂಡಿ ಒತ್ತಿದಳು. ದೀಪ ಹತ್ತಿತು, ಎಲ್ಲರೂ ಭೇಷ್ ಎಂದರು. ಆಟ ಶುರುವಾಗುತ್ತಲೇ ಗ್ರಾಫಿಕ್ಸ್ ಕಾರ್ಡ್ ಕೈಚಾಚಿತು. ಪವರ್ ಸಪ್ಲೈ ಹಲ್ಲು ಕಚ್ಚಿಕೊಂಡು ಕೊಟ್ಟಿತು, ಮತ್ತೂ ಕೊಟ್ಟಿತು, ಮೈ ಕೆಂಡವಾಯಿತು. ಈಗಲಾದರೂ ಹೇಳಿಬಿಡಲೇ ಎಂದುಕೊಂಡಿತು, ಆದರೆ ಆಗಲೇ ಭೇಷ್ ಎನಿಸಿಕೊಂಡಾಗಿತ್ತು. ಚಟ್ಟೆಂದು ಕಿಡಿ ಹಾರಿ, ಪೆಟ್ಟಿಗೆಯ ತುಂಬ ಹೊಗೆ ಕವಿಯಿತು.

“ಮೊದಲೇ ಹೇಳಬಾರದಿತ್ತೇ?” ಎಂದು ಪ್ರೊಸೆಸರ್ ನರಳಿತು.

“ಗ್ರಾಫಿಕ್ಸ್ ಕಾರ್ಡಿನ ಮನಸ್ಸು ನೋಯಿಸಬಾರದೆಂದುಕೊಂಡೆ,” ಎಂದಿತು ಪವರ್ ಸಪ್ಲೈ, ಕೊನೆಯುಸಿರಿನಲ್ಲಿ.

ನೊಂದುಕೊಳ್ಳಲು ಗ್ರಾಫಿಕ್ಸ್ ಕಾರ್ಡ್ ಉಳಿದಿರಲಿಲ್ಲ.