ಹಳೆಯ ಟ್ಯೂಬಿನ ಹಿಡಿತ

ಪ್ರವಾಸ ಹೊರಟ ದ್ಯಾವಣ್ಣ, ಜೀಪು ಎಳೆಯುವ ಗಾಲಿಮನೆಯ, ಅಂದರೆ ಕ್ಯಾರವಾನಿನ, ಬೆನ್ನಿಗೆ ತನ್ನ ಸೈಕಲ್ಲನ್ನು ಹೊಸ ನೈಲಾನ್ ಹಗ್ಗದಿಂದ ಬಿಗಿದ. ಅಷ್ಟಕ್ಕೆ ಸಮಾಧಾನವಾಗದೆ, ಆ ಸೈಕಲ್ಲಿನದೇ ಹಳೆಯ ಟ್ಯೂಬನ್ನು ಸೀಳಿ, ಮೇಲೊಂದು ಸುತ್ತು ಕಟ್ಟಿದ.

"ತೇಪೆ ಹಾಕಿಸಿ ಸಾಕಾಗಿ ಬಿಸಾಡಿದ್ದು ನಿನ್ನನ್ನು. ಮತ್ತೆ ಬಂದೆಯಾ?" ಎಂದು ಸೈಕಲ್ಲು ಹ್ಯಾಂಡಲನ್ನು ಅತ್ತ ತಿರುಗಿಸಿತು.

"ಕಟ್ಟಿದರು, ಬಂದೆ," ಎಂದಿತು ಟ್ಯೂಬು.

ರಸ್ತೆಯಲ್ಲಿ ಉಬ್ಬು ಬಂತು. ಜೀಪು ಮೆಲ್ಲಗೆ ದಾಟಿತು; ಗಾಲಿಮನೆಯ ಹಿಂಬದಿ ಮಾತ್ರ ಎಗರಿ ಬಿತ್ತು. ಹೊಸ ಹಗ್ಗದ ಗಂಟು ಜಾರಿ ಬಿಚ್ಚಿಕೊಂಡಿತು. ಸೈಕಲ್ಲು ರಸ್ತೆಯತ್ತ ವಾಲಿತು. ಹಿಂದೆಯೇ ಲಾರಿ ಬರುತ್ತಿತ್ತು. ಟ್ಯೂಬು ಹಿಗ್ಗಿತು, ಮತ್ತೆ ಕುಗ್ಗಿ ಸೈಕಲ್ಲನ್ನು ಒಳಕ್ಕೆ ಎಳೆದುಕೊಂಡಿತು.

ಟೀ ಅಂಗಡಿಯ ಮುಂದೆ ಇಳಿದ ದ್ಯಾವಣ್ಣ, "ಸದ್ಯ, ಟ್ಯೂಬು ಕೈಬಿಡಲಿಲ್ಲ!" ಎಂದು ಅದನ್ನು ಸವರಿ, ಹಗ್ಗವನ್ನು ಮತ್ತೆ ಬಿಗಿದ.

ಸೈಕಲ್ಲು ದನಿ ತಗ್ಗಿಸಿತು. "ನಿನ್ನಿಂದ ಬದುಕಿದೆ, ಅಣ್ಣಾ. ಇದೇ ಮೊದಲ ಸಲ ನೀನು ನನಗೆ ಮಾಡಿದ ಈ ಉಪಕಾರವನ್ನು ನಾನು ಮರೆಯುವುದಿಲ್ಲ."

"ಮೊದಲ ಸಲವಲ್ಲ, ತಮ್ಮಾ. ಆರು ವರ್ಷ ನಿನ್ನ ಟೈರಿನೊಳಗಿದ್ದು ಪ್ರತಿ ಉಬ್ಬಿನ ಪೆಟ್ಟನ್ನೂ ನಾನೇ ತಿಂದೆ. ಆಗ ನಿನಗೆ ಕಾಣುತ್ತಿರಲಿಲ್ಲ, ಅಷ್ಟೆ."

ಆಮೇಲೆ ಊರು ಮುಟ್ಟುವವರೆಗೂ ಸೈಕಲ್ಲು ಹ್ಯಾಂಡಲನ್ನು ಟ್ಯೂಬಿನ ಕಡೆಗೇ ತಿರುಗಿಸಿಕೊಂಡಿತ್ತು.